ನಿರೀಕ್ಷಿತ

ದಿನಾ ಬೆಳಗ್ಗೆ ಆರಕ್ಕೆ
ಸಂತೇಪೇಟೆಯ ಹಳೇ ಗೋದಾಮಿನ ತಾರಸಿ ಹತ್ತಿ
ಡಬ್ಬಿಯೊಳಗಿನ ಫಿಲ್ಟರ್ ಕಾಗದ ಬದಲಿಸುತ್ತೇನೆ.
ನಿನ್ನೆ ಹಪ್ಪಳದ ಹಾಗೆ ಬೆಳ್ಳಗಿದ್ದದ್ದು
ಇವತ್ತು ಒಲೆ ಒರೆಸಿದ ಬಟ್ಟೆ.
ಉಸಿರು ಬಿಗಿಹಿಡಿದು ತೂಗಬೇಕು,
ನನ್ನದು ತಗುಲಿದರೂ ಲೆಕ್ಕ ಕೆಡುತ್ತದೆ.

ಮಧ್ಯಾಹ್ನ ನಗರಸಭೆ.
ಜನನ ಮರಣ ಶಾಖೆಯ ಚೆನ್ನಕೇಶವಾಚಾರ್
ವಹಿಯ ಧೂಳು ಕೊಡವಿ, ‘ಇದನ್ನೂ ತೂಗ್ತೀಯೇನಮ್ಮ?’ ಅನ್ನುತ್ತ
ಮೂರು ವರ್ಷದ ಸಾವು ಮುಂದಿಡುತ್ತಾರೆ.
ಕಾರಣದ ಕಾಲಂನಲ್ಲಿ
ವಯೋಸಹಜ, ವಯೋಸಹಜ, ಹೃದಯಾಘಾತ, ಮೇಲಿನಂತೆ.
ನಮ್ಮಜ್ಜಿಯಾದರೆ ‘ಗಾಳಿ ಸೋಕಿತು’ ಅಂದುಬಿಡುತ್ತಿದ್ದಳು,
ಬೇವಿನ ಸೊಪ್ಪು ತರಿಸುತ್ತಿದ್ದಳು.
ವಹಿಯಲ್ಲಿ ಆ ಮಾತಿಗೆ ಜಾಗವಿಲ್ಲ.

ಸತ್ತ ಮನೆಯವರು ದಿನ ಮುಂದಕ್ಕೆ ಎಣಿಸುತ್ತಾರೆ,
ಮೂರಕ್ಕೆ ಹಾಲುತುಪ್ಪ, ಹನ್ನೊಂದಕ್ಕೆ ತಿಥಿ.
ನಾನು ಹಿಂದಕ್ಕೆ.
ಸತ್ತ ದಿನ, ಅದರ ಹಿಂದಿನ ದಿನ, ಅದಕ್ಕೂ ಹಿಂದಿನದು;
ಯಾವತ್ತಿನ ಗಾಳಿ ಯಾವತ್ತು ಬಂದು ಬಾಗಿಲು ತಟ್ಟಿತು?
ಚಳಿ ಕಳೆದು, ಭಾನುವಾರ ಕಳೆದು,
ಜ್ವರದ ತಿಂಗಳು ಕಳೆದು
ಕೊನೆಗೆ ಉಳಿದದ್ದಿಷ್ಟು:
ಹತ್ತು ಮೈಕ್ರೋಗ್ರಾಂ ಏರಿದರೆ
ಮೂರನೇ ದಿನಕ್ಕೆ, ನೂರಕ್ಕೆ ಅರ್ಧ ಸಾವು ಹೆಚ್ಚು.
ಅರ್ಧ ಸಾವಿಗೆ ಯಾರೂ ತಲೆ ಬೋಳಿಸುವುದಿಲ್ಲ.

ಗೋದಾಮಿನ ಕೆಳಗೆ ಕಡಲೆಕಾಯಿ ಬೇಯಿಸುತ್ತಿದ್ದ ಸೀಬಮ್ಮ
‘ಡಬ್ಬೀಲಿ ಏನ್ ಹಿಡೀತಿಯವ್ವ?’ ಅಂದಿದ್ದಳು ಒಮ್ಮೆ.
ಗಾಳಿ, ಅಂದೆ.
‘ಎಷ್ಟ್ ಸಿಕ್ತು?’
ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ
ಕಾಫಿ ಕ್ಯೂರಿಂಗಿನ ಹೊಟ್ಟಿನ ಧೂಳಲ್ಲಿ ಕೂತು
ಸೆರಗು ಮೂಗಿಗೆ ಕಟ್ಟಿ ಬೀಜ ಆರಿಸಿದವಳು.
ಕೆಮ್ಮು ಬಂದರೆ ಅಳೆಯುವುದು ನಿಲ್ಲಿಸಿ, ಸುಧಾರಿಸಿಕೊಂಡು
‘ಕಾಯಿಸಿದ್ನಲ್ಲ’ ಅಂತ ಒಂದು ಹಿಡಿ ಕೊಸರು ಹಾಕುವಳು.

ಮೊನ್ನೆ ವಹಿಯಲ್ಲಿ ಸಿಕ್ಕಳು.
ಸೀಬಮ್ಮ ಕೋಂ ಲೇಟ್ ತಿಮ್ಮಯ್ಯ, ಅರವತ್ತೊಂದು.
ಮಳೆಗೆ ಬಂದಿಲ್ಲವೇನೋ ಅಂದುಕೊಂಡಿದ್ದೆ.
ತಾರೀಕು ನೋಡಿ ಹಿಂದಕ್ಕೆ ಎಣಿಸಿದೆ, ಇನ್ನೊಮ್ಮೆ ಎಣಿಸಿದೆ.
ನಾಲ್ಕು ದಿನ ಬಿಡದ ಮಳೆ,
ವರ್ಷದಲ್ಲೇ ಚೊಕ್ಕ ಗಾಳಿ, ಕಾಗದ ಹಪ್ಪಳದಷ್ಟೇ ಬಿಳಿ.
ಹಾಗಾಗಿ ಅವಳು ‘ಹೆಚ್ಚುವರಿ’ಗೆ ಸೇರುವುದಿಲ್ಲ.
ಎಲ್ಲರಿಗೂ ಕೊಸರು ಹಾಕಿದವಳು
ನನ್ನ ಕೊಸರಿನ ಲೆಕ್ಕಕ್ಕೆ ಬರಲಿಲ್ಲ.
ಅವಳ ಸಾಲಿನ ತಲೆಬರಹ: ನಿರೀಕ್ಷಿತ ಸಾವು.

ಯಾರು ನಿರೀಕ್ಷಿಸಿದ್ದರು?
ಮಾರನೆ ದಿನಕ್ಕೆ ಎರಡು ಸೇರು ಕಾಯಿ
ನೆನೆಹಾಕಿ ಮಲಗಿದ್ದಳಂತೆ.

‘ಇಪ್ಪತ್ತೆರಡು ವರ್ಷ ಹಿಂದಕ್ಕೆ ಎಣಿಸೋ ಅಧ್ಯಯನ ಬೇರೆ ಇದೆ’
ಅನ್ನುತ್ತಾರೆ ನಮ್ಮ ಪ್ರೊಫೆಸರು,
‘ಅದಕ್ಕೆ ದುಡ್ಡೂ ಬೇರೆ ಬೇಕು.’

ಮಳೆ ನಿಂತು ಐದು ದಿನ.
ಕಾಗದದ ತೂಕ ಇನ್ನೂ ಒಂಚೂರು ಕಡಿಮೆಯೇ ಬರುತ್ತಿದೆ.
ಕೆಳಗೆ ಅವಳ ಒಲೆಯ ಮೂರು ಕಲ್ಲು, ಒದ್ದೆ ಬೂದಿ.
ಷರಾ ಕಾಲಂನಲ್ಲಿ ‘ಹವಾಮಾನ’ ಎಂದು ಬರೆದು
ಸಹಿ ಹಾಕಿದ್ದೇನೆ.