ತಳ

ನಮ್ಮಲ್ಲಿ ಅದಕ್ಕೆ ಕ್ರೆಪ್ಶೀಸ್ ಅಂತಾರೆ. ಬುಟ್ಟಿ.
ಹೆಚ್ಚೇನೂ ಇಲ್ಲ, ಬರೀ ಬುಟ್ಟಿ.
ಅಣಬೆಗೆ ಒಂದು, ಆಲೂಗಡ್ಡೆಗೆ ಒಂದು,
ಬೆಕ್ಕು ಮರಿ ಹಾಕಲೆಂದೇ ಒಲೆಯ ಪಕ್ಕ ಇನ್ನೊಂದು.
ಆಮೇಲೆ ಗೋಡೆಯ ಮೇಲೆ, ಹತ್ತಡಿ ಎತ್ತರದಲ್ಲಿ
ಕಬ್ಬಿಣದ ಬಳೆ. ಅದೂ ಬುಟ್ಟಿಯೇ.
ಇಡೀ ಲಿಥುವೇನಿಯಾ ಟಿ.ವಿ. ಮುಂದೆ ಕೂತು
ಉಸಿರು ಬಿಗಿಹಿಡಿಯುವುದು ಅದಕ್ಕೇ.

ನಾನು ಸ್ಟಾಸೆ. ಶಾಲೆಯ ಕೀಲಿ ನನ್ನ ಸೊಂಟದಲ್ಲಿ
ಇಪ್ಪತ್ತೆರಡು ವರ್ಷ.
ಕಸದ ಬುಟ್ಟಿಗಳು ನನ್ನ ಇಲಾಖೆ:
ಪೆನ್ಸಿಲ್ ಸಿಪ್ಪೆ, ಸೇಬಿನ ದಿಂಡು,
ಚೂರು ಚೂರಾಗಿ ಹರಿದ ಪ್ರೇಮಪತ್ರ.
ಕೂಡಿಸಿ ಓದಿದ್ದೇನೆ, ಸುಳ್ಳೇಕೆ ಹೇಳಲಿ.
ಒಂಬತ್ತನೇ ಕ್ಲಾಸಿನ ರೋಕಾಸ್
ಡೈರಿಯವರ ಮಗಳನ್ನು ಬುಟ್ಟಿಗೆ ಹಾಕಿಕೊಳ್ಳಲು
ಮೂರು ಸಲ ಬರೆದ, ಮೂರು ಸಲವೂ ಕಾಗುಣಿತ ತಪ್ಪು.
ಚೆಂಡನ್ನು ಮಾತ್ರ ಆ ಕೈ ತಪ್ಪಾಗಿ ಬರೆದದ್ದಿಲ್ಲ.

ಪ್ರಾನಸ್, ನನ್ನ ಗಂಡ, ವಿಲೋ ಕಡ್ಡಿ ಹೆಣೆಯುತ್ತಿದ್ದ.
ತಳ ಕಟ್ಟುವಾಗ ಮಾತಾಡಿಸಬೇಡ ಅನ್ನುತ್ತಿದ್ದ.
"ಬುಟ್ಟಿ ಅಂದರೆ ತಳ ಕಣೇ. ಉಳಿದದ್ದೆಲ್ಲ ಅಂಚು."
ಆಟ ನೋಡುತ್ತ ನಗುತ್ತಿದ್ದ,
"ತೂತು ಬುಟ್ಟಿ! ಸಿಕ್ಕಿದ್ದನ್ನೆಲ್ಲ ಬಿಟ್ಟುಬಿಡುತ್ತೆ!"
ನಕ್ಕವನೇ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು
ಎರಡು ದಿನ ಸನ್ನೆಯಲ್ಲೇ ಸೂಪು ಕೇಳುತ್ತಿದ್ದ.

ಅವನು ಹೋದ ಮೇಲೆ ವಿಲ್ನಿಯಸ್‌ನಿಂದ ಬಂತು
ಇನ್ನೊಂದು ಬುಟ್ಟಿ. ಕಾಗದದ್ದು.
ಮಗುವಿಗೊಂದು ಬುಟ್ಟಿ ಎಂದರು, ಒಳಗೆ ದುಡ್ಡು,
ಮೇಷ್ಟರ ಸಂಬಳ, ಪುಸ್ತಕ.
ಮಗು ಎಲ್ಲಿಗೋ ಬುಟ್ಟಿಯೂ ಅಲ್ಲಿಗೇ,
ಬಾತಿನ ಹಿಂದೆ ಮರಿ ಹೋದ ಹಾಗೆ.

ಡ್ರುಂಗಿಲಾಸ್ ಮನೆಯ ಅವಳಿಗಳು ಐರ್ಲೆಂಡಿಗೆ:
ಎರಡು ಬುಟ್ಟಿ.
ಡೈರಿ ಮುಚ್ಚಿತು: ಆ ಹುಡುಗಿ, ಅವಳ ತಮ್ಮ, ಹಾಲಿನ ಗಾಡಿಯವನ ಮೂವರು.
ಬೆರಳು ಮಡಚಿ ಎಣಿಸುತ್ತಿದ್ದೆ ನಾನು,
ನೆಲ ಒರೆಸುತ್ತ, ಗಂಟೆ ಹೊಡೆಯುತ್ತ.
ಐವತ್ತೆಂಟು. ಐವತ್ತಮೂರು.
ನಲವತ್ತಕ್ಕೆ ಎಣಿಸುವುದು ಬಿಟ್ಟೆ.

ಮಾರ್ಚ್‌ನಲ್ಲಿ ಬಂದವರು ಬೋರ್ಡು ಬಿಚ್ಚಿದರು,
ಬೆಂಚು ಹೊತ್ತರು. ಆ ಕಬ್ಬಿಣದ ಬಳೆಯನ್ನೂ.
ಪಟ್ಟಿಯಲ್ಲಿ ಅದಕ್ಕೊಂದು ನಂಬರಿತ್ತಂತೆ.
ಕೀಲಿ ಕೇಳಲು ಮರೆತರು.
ನಾನು ನೆನಪಿಸಲಿಲ್ಲ.

ಈಗ ಪಟ್ಟಣದ ಶಾಲೆಯಿಂದ ಐದರ ಬಸ್ಸಿಗೆ ಇಳಿದು
ಹುಡುಗರು ಸೀದಾ ನನ್ನ ಬಾಗಿಲಿಗೆ.
ಗೋಡೆಗೆ ಇದ್ದಲಿನಲ್ಲಿ ಗುಂಡು ಗೀಚಿದ್ದರು.
ಚೆಂಡು ಬಡಿದಾಗಲೆಲ್ಲ ಜಗಳ.
"ಬಿತ್ತು!" "ಎಲ್ಲಿ ಬಿತ್ತು?"
ಗೋಡೆ ಸಾಕ್ಷಿ ಹೇಳುವುದಿಲ್ಲ.
ಮೂರು ಸಂಜೆ ಕೇಳಿಸಿಕೊಂಡೆ. ನಾಲ್ಕನೆಯದಕ್ಕೆ
ಗೂಟದಿಂದ ಅಣಬೆಯ ಬುಟ್ಟಿ ಇಳಿಸಿದೆ,
ಪ್ರಾನಸ್ ಹೆಣೆದ ಕೊನೆಯದು,
ಮಗುಚಿ, ಮೊಣಕಾಲ ನಡುವೆ ಇಟ್ಟುಕೊಂಡು
ತಳಕ್ಕೆ ಚಾಕು ಹಾಕಿದೆ.
ಮೊದಲ ಕಡ್ಡಿಗೆ ಅವನು ಬೈದದ್ದು ಕೇಳಿಸಿತು.
ಏಳನೆಯದಕ್ಕೆ ಸುಮ್ಮನಾದ.

ರೋಕಾಸನ ತಮ್ಮ ಏಣಿ ಹತ್ತಿ ಮೊಳೆ ಹೊಡೆದ.
ಚೆಂಡು ಮೇಲಕ್ಕೆ ಹೋಯಿತು. ಕಿರ್ ಎಂದಿತು ವಿಲೋ.
ಕೆಳಗೆ ಕೈ ಚಾಚಿ ನಿಂತವರಲ್ಲಿ
ಚಪ್ಪಲಿ ಬಿಟ್ಟು ನಿಂತ ನಾನೂ ಇದ್ದೆ.

ಅಣಬೆ ಈಗ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ತರುತ್ತೇನೆ.
ಕಾಡಿನಿಂದ ಮನೆ ಸೇರುವಷ್ಟರಲ್ಲಿ
ಪಾಪ, ಬೆವರಿರುತ್ತವೆ.