ಬಾರಾ ಕಮಾನಿಗೆ ಒಂದು ಸವಾರಿ

ಸ್ಟೇಷನ್ನಿಂದ ಬಾರಾ ಕಮಾನಿಗೆ ಎರಡು ನೂರು ಅಂದೆ.
ಕೊಸರದ ಟಾಂಗಾ ಹತ್ತಿದಾಕಿ
ಲಿಸ್ಬನ್ನಿನಾಕಿ, ಹೆಸರು ಗ್ರಾಸಿಂದಾ.
ನನಗ ಬರೂದು ಹಿಡಿ ಇಂಗ್ಲಿಷು, ಆಕಿಗೆ ಚಿಟಿಕಿ ಹಿಂದಿ.
ಕುದುರಿ ಮಾತ್ರ ಎರಡಕ್ಕೂ ಕಿವಿ ನಿಗರಿಸ್ತಿತ್ತು.

ಗಿರಾಕಿಗೆ ದಿನಾ ಹೇಳೂದನ್ನ ಹೇಳಿದೆ:
ಗೋವಾ ಆಗ ನಮ್ಮೂರಿಂದು, ಬಾಯಾರ.
ಸಾವಿರದ ಐನೂರಾ ಹತ್ತರಾಗ
ಹಡಗದಾಗ ಬಂದವರು ಕಸಗೊಂಡ್ರು.
ಯಾರು ಬಂದವರು ಅನ್ನೂದು ಆಮ್ಯಾಲ ನೆನಪಾಗಿ
ನಾಲಿಗಿ ಕಚ್ಚಿಕೊಂಡೆ.
ಬಾಡಿಗಿ ಇನ್ನೂ ಕೈಗೆ ಬಂದಿರಲಿಲ್ಲ.

ಆಕಿ ನಕ್ಕು ಅಂಗೈ ಚಾಚಿದಳು:
ಇಷ್ಟೂ ಸ್ಪೇನ್. ಈ ಕಿರುಬೆರಳಿನ ಅಂಚು ನಾವು.
ಬೆನ್ನಿಗೆ ಅವರು, ಮಾರಿ ಮುಂದ ನೀರು.
ನನಗ ತಿಳಿತು. ಅಣ್ಣನ ಹೊಲದ ಬದುವಿನ ಮ್ಯಾಲ
ತಮ್ಮ ಮನಿ ಕಟ್ಟಿಕೊಂಡಂಗ.
ಕಾಲು ಚಾಚಬೇಕಂದ್ರ ನೀರಾಗ ಚಾಚಬೇಕು.
'ಚಾಚಿದ್ದು ನಿಮ್ಮ ತನಕ ಬಂತು' ಅಂದಾಕಿ
ಗಾಂಧಿ ಚೌಕ ದಾಟೂತನಕ ಮಾತಾಡಲಿಲ್ಲ.

ಕಮಾನಿನ ಕೆಳಗ ನಿಂತು, ಮ್ಯಾಲ ನೋಡಿ,
ಛತ್ತು ಎಲ್ಲಿ, ಅಂದಳು.
ಕಟ್ಟಿಸಿದವ ಹೋದ, ಕೆಲಸ ನಿಂತಿತು, ಅಂದೆ.
ನಮ್ಮಲ್ಲೂ ಒಬ್ಬಾವ ಇದ್ದ, ಅಂದಳು,
ಇಪ್ಪತ್ತನಾಕರ ಅರಸ, ಕಡಲು ದಾಟಿ ಯುದ್ಧಕ್ಕ ಹೋದವ
ಹೆಣಾನೂ ಖಾತ್ರಿ ಇಲ್ಲ.
ಎರಡ ವರ್ಷಕ್ಕ ಗಾದಿ ಸ್ಪೇನಿಗೆ, ಅರವತ್ತು ವರ್ಷ.
ಮಂಜು ಮುಸುಕಿದ ಒಂದು ಮುಂಜಾನಿ ಬರತಾನಂತ
ಮಂದಿ ದಂಡಿ ಮ್ಯಾಲ ಕಾಯತಿದ್ರಂತ.
'ಬಂದನೇನು?'
'ದೇಶ ತಿರುಗಿ ಬಂತು. ಅವ ಬರಲಿಲ್ಲ.'
ಕಮಾನಿನಾಗಿಂದ ಗಿಳಿ ಹಿಂಡು ಹಾರಿ
ಮತ್ತ ಅಲ್ಲೇ ಬಂದು ಕುಂತವು.

ಹೊಟ್ಟಿ ಹಸಿದಿತ್ತು. ಬುತ್ತಿ ಬಿಚ್ಚಿದೆ.
ಖಡಕ್ ರೊಟ್ಟಿ, ಮ್ಯಾಲ ಹುಸೇನಬಿ ಕುಟ್ಟಿದ ರಂಜಕ.
ತೋಪಿನ ಮದ್ದಿನ ಹೆಸರು ಈ ಚಟ್ನಿಗೆ, ಅಂದೆ,
ಹುಷಾರು.
ಮೆಣಸಿನಕಾಯಿ ನಮ್ಮ ಹಡಗದಾಗ ಬಂದದ್ದು, ಅಂತ
ಜಂಬದಿಂದ ಬಾಯಿಗಿಟ್ಟಾಕಿ
ಕಣ್ಣು ಕೆಂಪಾಗಿ, ಮೂಗು ಸುರಿದು,
'ಇದು ನಮ್ಮದಲ್ಲ! ನೀರು, ನೀರು!'
ಕುದುರಿಯ ಬಾಲ್ದಿ ಕೈಗೆ ಕೊಟ್ಟೆ.
ಅದನ್ನ ತಿರುವಿ ನೋಡಿ, ಬಿಕ್ಕಿನ ನಡುವ ಕೇಳಿದಳು:
ಇದಕ್ಕೇನಂತೀರಿ?
ಬಾಲ್ದಿ.
ಆಕಿ ಅಲ್ಲೇ ಕುಂತು, ನೀರು ಕುಡಿಯೂದೂ ಮರೆತು,
ನಮ್ಮಲ್ಲೂ ಬಾಲ್ದಿ, ಅಂದಳು.
ಚಾವಿ? ಚಾವಿ. ಮೇಜು? ಹೌದು. ಪಗಾರ?
ಪಗಾರ ಇಲ್ಲ, ಅಂದೆ, ಟಾಂಗಾದವಗ ಬರೇ ಬಾಡಿಗಿ.

ಐನೂರರ ನೋಟು ಕೊಟ್ಟು, ಚಿಲ್ಲರ ಇಸಗೊಳ್ಳದ ಹೋದಳು.

ಮರುದಿನ ಪುಣೆಯ ಕುಟುಂಬ, ನಾಕು ಮಂದಿ.
ಗೋವಾ ಆಗ ನಮ್ಮೂರಿಂದು, ಅಂತ ಸುರು ಮಾಡಿದೆ.
'ನಮ್ಮ' ಅನ್ನೂದರ ಮ್ಯಾಲ ಗಾಲಿ ಸಣ್ಣ ಕಲ್ಲು ಹತ್ತಿಧಂಗಾತು.
ಅಷ್ಟ. ಇಳದು ಮುಂದ ಹೋತು.
ಬಾಡಿಗಿ ಮಾತ್ರ ಈ ಸಲ
ಮೊದಲ ಇಸಗೊಂಡಿದ್ದೆ.