ನೀರಿನ ಗೆರೆಯ ಕೆಳಗೆ

ಹದಿನೇಳು ಮೆಟ್ಟಿಲು ಇಳಿದರೆ ನನ್ನ ಊರು.
ಮೇಲೆ ಭಾವುಚಾ ಧಕ್ಕೆ: ಬಾಂಗಡೆ ಬುಟ್ಟಿ, ಬೈಗುಳ,
ಮಾಂಡ್ವಾಕ್ಕೆ ಹೊರಟ ಕಾರುಗಳ ಬಾಲ.
ಕೆಳಗೆ ಎರಡು ಎಂಜಿನ್ನು, ಎಡದವಳು, ಬಲದವಳು,
ಆರಾರು ಸಿಲಿಂಡರು, ಆನೆ ಮಲಗಿದಷ್ಟು ಉದ್ದ,
ನಡುವೆ ಗಂಗಾವಳಿ ಹೊಳೆಬದಿಯ ಬೊಮ್ಮಯ್ಯ ಹರಿಕಂತ್ರ,
ಹೆಗಲ ಮೇಲೆ ಎಣ್ಣೆಬಟ್ಟೆ.

ಇಲ್ಲಿ ಮಾತಿಲ್ಲ. ಆಡಿದರೂ ಇಲ್ಲ.
ಇನಾಸ್ ಮಾಮ ಹೆಬ್ಬೆರಳೆತ್ತಿದರೆ ಎಣ್ಣೆ ಸಾಕು,
ಕೆನ್ನೆ ಉಬ್ಬಿಸಿದರೆ ಚಹಾ,
ಎದೆಗೆ ಶಿಲುಬೆ ಗೀರಿಕೊಂಡರೆ ಕಪ್ತಾನನಿಗೆ ಸಿಟ್ಟು ಬಂದಿದೆ.
ಎರಡು ಹಡಗು, ಇಪ್ಪತ್ತೆರಡು ವರ್ಷ;
ನಾವಿಬ್ಬರೂ ಆಡಿದ ಮಾತನ್ನೆಲ್ಲ
ಒಂದು ಬೀಡಿಕಟ್ಟಿನ ಮೇಲೆ ಬರೆಯಬಹುದು.

ಕಿವಿ ಹೋಯಿತು. ಹೋಗಲಿ.
ಕಂಪನಿ ಕಿವಿಗೆ ಕಟ್ಟುವ ಬಟ್ಟಲು ಕೊಟ್ಟದ್ದು ಅದು ಹೋದ ಮೇಲೆ.
ಮೊದಲು ಹೋದದ್ದು ಚಿಲ್ಲರೆ ಸದ್ದು:
ಸೊಳ್ಳೆ, ಚಿಲಕ, ಒಗ್ಗರಣೆಯ ಸಾಸಿವೆ.
ಆಮೇಲೆ ಹೆಂಡತಿಯ ಮಾತಿನ ಕೊನೆಕೊನೆಯ ಅಕ್ಷರ.
"ಬಾ" ಅಂದಳೋ, "ಬಾಡಿಗೆ" ಅಂದಳೋ,
ಎರಡಕ್ಕೂ ತಲೆಯಾಡಿಸಿ ಬಾಳಿದ್ದೇನೆ.

ಈಗ ನನ್ನ ಕಿವಿ ಅಂಗೈಯಲ್ಲಿದೆ.
ಮೂರನೇ ಸಿಲಿಂಡರಿನ ಮುಚ್ಚಳದ ಮೇಲಿಟ್ಟರೆ
ಇಂಜೆಕ್ಟರು ಜೊಲ್ಲು ಸುರಿಸುತ್ತಿದೆಯೋ ಇಲ್ಲವೋ ಹೇಳಬಲ್ಲೆ.
ಉಳಿದದ್ದನ್ನು ಅಂಗಾಲು ಹೇಳುತ್ತದೆ:
ಇದು ಅಡ್ಡಲೆ,
ಇದು ಯಾವುದೋ ಕಂಟೇನರ್ ಹಡಗು ಬಿಟ್ಟುಹೋದ ಉಬ್ಬರ.

ಗಣಪತಿ ಬಿಟ್ಟ ಮರುದಿನ, ಮಧ್ಯಾಹ್ನದ ಟ್ರಿಪ್ಪು,
ಬುಚರ್ ದ್ವೀಪ ಎಡಕ್ಕೆ ಸರಿಯುವ ಹೊತ್ತು
ಜಾಕೆಟ್ ನೀರಿನ ಮುಳ್ಳು ಎಂಬತ್ತು ದಾಟಿತು.
ಎಂಬತ್ತೆಂಟು. ತೊಂಬತ್ತಮೂರು.
ಒಂದೇ ಬಾಯಿಂದ ಕಡಲು ಕುಡಿಯುವ ಅಕ್ಕತಂಗಿಯರು,
ಇಬ್ಬರಿಗೂ ಒಟ್ಟಿಗೇ ಗಂಟಲು ಕಟ್ಟಿದೆ.
ಇನಾಸ್ ಮಾಮ ಕುತ್ತಿಗೆಗೆ ಅಡ್ಡ ಬೆರಳೆಳೆದ.
ನಿಲ್ಲಿಸಿದೆ.
ಜನರೇಟರೂ ಕಣ್ಣು ಮುಚ್ಚಿತು;
ಬಾಗಿಲ ಮೇಲಿನ ಹಸಿರು ದೀಪವೊಂದೇ.

ಹೇಗೆ ಹೇಳಲಿ,
ಇಷ್ಟು ವರ್ಷ ಬೆನ್ನು ಕೊಟ್ಟು ನಿಂತ ಗೋಡೆಯನ್ನು
ಯಾರೋ ಹೊತ್ತುಕೊಂಡು ಹೋದರು.
ಬೀಳದಿರಲು ಏಣಿಯ ಕಂಬಿ ಹಿಡಿದೆ.
ಕಂಬಿಯಿಂದ ಅಂಗೈಗೆ ಇಳಿದು ಬಂದರು
ಜನ.
ಓಡುವ ಮಗು, ಬೆನ್ನಟ್ಟುವ ದಪ್ಪ ಕಾಲು,
ಗಾಲಿ ಪೆಟ್ಟಿಗೆ, ಕೆಳಗೆ ಬಿದ್ದ ತೆಂಗಿನಕಾಯಿ,
ಕೋಲೂರಿ ಅತ್ತಿಂದಿತ್ತ ನಡೆಯುವ ಒಬ್ಬರು,
ಟಕ್, ತಡೆದು, ಟಕ್.
ದಿನಕ್ಕೆ ಆರು ಸಲ ಮುನ್ನೂರು ಮಂದಿಯನ್ನು ದಾಟಿಸುವವನು
ಅವರು ಇದ್ದಾರೆಂದು ಆವತ್ತು ತಿಳಿದೆ.

ಜಾಳಿಗೆ ಬಿಚ್ಚಿ ಮೊಣಕೈ ತನಕ ಕೈ ಹಾಕಿ ಎಳೆದೆ.
ಚೆಂಡುಹೂವಿನ ಹಾರ, ಕೊಳೆತ ಗರಿಕೆ,
ಥರ್ಮಾಕೋಲ್ ಮಂಟಪದ ಕಾಳು, ಗುಟ್ಕಾ ಚೀಟಿ, ಅಂಬಲಿಮೀನಿನ ಲೋಳೆ,
ಎಲ್ಲದರ ತಳಕ್ಕೆ ಒಂದು ಕಿವಿ.
ಗುಲಾಬಿ ಬಣ್ಣ ಇನ್ನೂ ಬಿಟ್ಟಿರದ ಸುಣ್ಣದ ಕಿವಿ,
ಮೊರದಗಲವೇನಲ್ಲ, ನನ್ನ ಹೆಬ್ಬೆರಳಷ್ಟು.
ಯಾವುದೋ ಚಾಳಿನಲ್ಲಿ, ಟಿ.ವಿ. ಪಕ್ಕ ಕೂತಿದ್ದ ಸಣ್ಣ ಗಣಪ.

ಬಿಲ್ಜಿಗೆ ಎಸೆಯಲು ಕೈ ಬರಲಿಲ್ಲ,
ಜೇಬಿಗಿಳಿಸಲು ಧೈರ್ಯ ಬರಲಿಲ್ಲ.
ಇನಾಸ್ ಮಾಮ ಇಸಿದುಕೊಂಡು, ಅಂಗಿಯಂಚಿಗೆ ಒರೆಸಿ,
ಬಾಂದ್ರಾದ ಮೋತ್ ಮಾವಲಿಯ ಪಟದ ಬುಡದಲ್ಲಿಟ್ಟ.
ಬಾಯಿಬಿಟ್ಟು ಏನೋ ಅಂದ.
ಎಂಜಿನ್ನು ನಿಂತಿತ್ತು. ಕೇಳಿಸಬೇಕಿತ್ತು.
ತಲೆಯಾಡಿಸಿದೆ.

ಗಾಳಿ ಬಾಟಲಿಯ ಕವಾಟ ತೆರೆದಾಗ
ಎಡದವಳು ಕೆಮ್ಮಿದಳು, ಮುನಿದಳು,
ಎರಡನೇ ಸಲಕ್ಕೆ ಹತ್ತಿಕೊಂಡಳು;
ಹಲ್ಲಿನ ಬೇರಿಗೆ ಬಂತು ಆ ಬಿಸುಪು.
ಮೇಲೆ ಚಪ್ಪಾಳೆ ಹೊಡೆದರಂತೆ,
ಕ್ಯಾಂಟೀನಿನ ಹುಡುಗ ಕೈ ಬಡಿದು ತೋರಿಸಿದ.

ಲಾಗ್‌ಬುಕ್ಕಿನಲ್ಲಿ ಒಂದೇ ಸಾಲು:
೧೪.೧೦ರಿಂದ ೧೪.೩೭. ಕಡಲ ಜಾಳಿಗೆ ಶುಚಿ.

ಮಾಂಡ್ವಾದಲ್ಲಿ ಅವರು ಇಳಿಯುವಾಗ
ಕೆಲಸವಿಲ್ಲದಿದ್ದರೂ ಕಂಬಿ ಹಿಡಿದು ನಿಂತೆ.
ಕಾರುಗಳು ಹೋದವು, ಗಾಲಿ ಪೆಟ್ಟಿಗೆ ಹೋಯಿತು,
ಮಗು ಹೋಯಿತೋ, ಯಾರೋ ಎತ್ತಿಕೊಂಡರೋ.
ಕೊನೆಗೆ ಆ ಕೋಲು.
ಹಲಗೆಯ ಮೇಲೆ ನಡುದಾರಿಯಲ್ಲಿ ನಿಂತಿತು,
ತುಸು ಹೊತ್ತು, ಏಕೋ,
ಮತ್ತೆ ಹೊರಟಿತು.